ಮೊದಲು ಇಂಜೆಕ್ಷನ್, ಆಮೇಲೆ ಹುಬ್ಬಳ್ಳಿ: ಹಾವು ಕಡಿದಾಗ 108ರ ಜೊತೆ ನಾವು ಹಾದುಬಂದ ದಾರಿ

ನಮ್ಮ ಚಿಗವ್ವನಿಗೆ ಕಟ್ಟುಹಾವು ಕಡಿದು, ನವಲಗುಂದ ತಾಲ್ಲೂಕಿನ ಹೊಲದ ಮನೆಯಿಂದ ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನ ಐಸಿಯುವರೆಗೆ ಹೋಗಿ, ಈಗ ಆಕೆ ವಾಪಸ್ ಮನೆಗೆ ಬಂದಿದ್ದಾಳೆ. ಎದ್ದು ಓಡಾಡುತ್ತಾಳೆ, ರೊಟ್ಟಿ ತಿನ್ನುತ್ತಾಳೆ. ಈ ದಾರಿಯಲ್ಲಿ ಎಲ್ಲಿ ತಡವಾಯಿತು, ಯಾಕೆ ತಡವಾಯಿತು, ಯಾವ ಹೊತ್ತಿಗೆ ಯಾವ ಕಾಗದ ಕೇಳಿದರು ಎಂಬುದೆಲ್ಲ ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಮಳೆಗಾಲ ಬಂತೆಂದರೆ ಎರೆಹೊಲದ ಸೀಮೆಯಲ್ಲಿ ಇದು ಯಾವ ಮನೆಗಾದರೂ ಬರಬಹುದಾದ ಆಪತ್ತು.

ಕಟ್ಟುಹಾವು ಕಡಿದದ್ದು ಗೊತ್ತೇ ಆಗುವುದಿಲ್ಲ, ಮೊದಲ ತೊಡಕು ಅದೇ. ನಾಗರಹಾವೋ ಕೊಳಕುಮಂಡಲವೋ ಕಡಿದರೆ ಜಾಗ ಊದಿಕೊಳ್ಳುತ್ತದೆ, ನೋವು ತಡೆಯಲಾಗುವುದಿಲ್ಲ. ಕಟ್ಟುಹಾವು ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ, ನೆಲದ ಮೇಲೆ ಮಲಗಿದವರನ್ನು ಕಡಿಯುತ್ತದೆ. ಗುರುತು ಸೊಳ್ಳೆ ಕಚ್ಚಿದಷ್ಟೇ, ಹಲವು ಸಲ ಅದೂ ಕಾಣುವುದಿಲ್ಲ. ಚಿಗವ್ವ ನಸುಕಿನಲ್ಲಿ ಎದ್ದು ಹೊಟ್ಟೆನೋವು ಎಂದಳು. ಗ್ಯಾಸ್ ಇರಬೇಕೆಂದು ಎಲ್ಲರೂ ಅಂದುಕೊಂಡರು. ಸ್ವಲ್ಪ ಹೊತ್ತಿಗೆ ರೆಪ್ಪೆ ಎತ್ತಲು ಆಗದಾಯಿತು, ಎದುರಿಗಿದ್ದವರು ಇಬ್ಬಿಬ್ಬರಾಗಿ ಕಾಣತೊಡಗಿದರು, ಮಾತು ತೊದಲಿತು. ಹಾಸಿಗೆ ಕೊಡವಿದಾಗ ಹಾವು ಸಿಕ್ಕಿತು. ಸಿಗದಿದ್ದರೂ ಲೆಕ್ಕ ಒಂದೇ: ನೆಲದ ಮೇಲೆ ಮಲಗಿದ್ದವರಿಗೆ ಬೆಳಗಿನ ಜಾವ ಹೊಟ್ಟೆನೋವು, ಗಂಟಲು ಬಿಗಿತ, ರೆಪ್ಪೆ ಜೋಲುವುದು ಇವು ಕೂಡಿ ಬಂದರೆ ಹಾವಿನ ಕಡಿತವೆಂದೇ ಹಿಡಿದು ಹೊರಡಬೇಕು.

ನಾಟಿ ಮದ್ದು ಕೊಡುವವರ ಊರಿಗೆ ಒಯ್ಯೋಣ ಎಂಬ ಮಾತು ಬಂತು, ಅಲ್ಲಿಗೇ ನಿಂತಿತು. ಆ ಮಾತಿಗೆ ಒಂದು ನಿಮಿಷಕ್ಕಿಂತ ಹೆಚ್ಚು ಕೊಡಬಾರದು.

108ಕ್ಕೆ ಹಚ್ಚಿದ ಫೋನು ನವಲಗುಂದಕ್ಕೋ ಧಾರವಾಡಕ್ಕೋ ಹೋಗುವುದಿಲ್ಲ, ಬೆಂಗಳೂರಿನ ಕೇಂದ್ರಕ್ಕೆ ಹೋಗುತ್ತದೆ. 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಶುರುವಾದ ಸೇವೆ ಇದು, ಕರೆಗೂ ದುಡ್ಡಿಲ್ಲ, ಗಾಡಿಗೂ ದುಡ್ಡಿಲ್ಲ. ಫೋನ್ ಎತ್ತಿಕೊಂಡವರಿಗೆ ನಮ್ಮ ಊರಿನ ಪರಿಚಯ ಇರುವುದಿಲ್ಲ, ಒಂದೇ ಹೆಸರಿನ ಹಳ್ಳಿಗಳು ರಾಜ್ಯದಲ್ಲಿ ಎಷ್ಟೋ ಇವೆ. ಅದಕ್ಕೇ ಮೊದಲು ಜಿಲ್ಲೆ, ಆಮೇಲೆ ತಾಲ್ಲೂಕು, ಆಮೇಲೆ ಊರು, ಕೊನೆಗೆ ಗುರುತು ಹೇಳಬೇಕು. ‘ನಮ್ಮ ಹೊಲದ ಮನೆ’ ಎಂದರೆ ಏನೂ ತಿಳಿಯದು. ‘ಊರ ಅಗಸಿ ದಾಟಿ, ಹನಮಪ್ಪನ ಗುಡಿಯ ಎದುರಿನ ಡಾಂಬರು ರಸ್ತೆ’ ಎಂದರೆ ಗಾಡಿ ನಡೆಸುವವರಿಗೆ ಸಾಕು. ರೋಗಿಯ ವಯಸ್ಸು, ಎಚ್ಚರ ಇದೆಯೇ, ಉಸಿರಾಟ ಹೇಗಿದೆ ಎಂದು ಕೇಳುತ್ತಾರೆ. ‘ಹಾವು ಕಡಿದಿದೆ’ ಎನ್ನುವುದರ ಜೊತೆಗೆ ‘ರೆಪ್ಪೆ ಎತ್ತಲಾಗುತ್ತಿಲ್ಲ, ಎಂಜಲು ನುಂಗಲಾಗುತ್ತಿಲ್ಲ’ ಎಂದು ಲಕ್ಷಣವನ್ನೂ ಹೇಳಿ. ಆ ಮಾತಿನ ಮೇಲೆಯೇ ಗಾಡಿಯ ಇಎಂಟಿ (ತುರ್ತು ಚಿಕಿತ್ಸೆಯ ತರಬೇತಿ ಪಡೆದ ಸಿಬ್ಬಂದಿ) ಬರುವ ದಾರಿಯಲ್ಲೇ ತಯಾರಿ ಮಾಡಿಕೊಳ್ಳುತ್ತಾರೆ.

ಕರೆ ಮುಗಿದ ಮೇಲೆ ಆ ಫೋನನ್ನು ಬೇರೆ ಯಾವುದಕ್ಕೂ ಬಳಸಬೇಡಿ. ಗಾಡಿಯ ಚಾಲಕ, 108ರವರ ಮಾತಿನಲ್ಲಿ ‘ಪೈಲಟ್’, ಅದೇ ನಂಬರಿಗೆ ವಾಪಸ್ ಹಚ್ಚುತ್ತಾರೆ. ಬೀಗರಿಗೆಲ್ಲ ಸುದ್ದಿ ಮುಟ್ಟಿಸುವ ಕೆಲಸಕ್ಕೆ ಬೇರೆ ಫೋನ್ ಇರಲಿ.

ಹತ್ತಿರದ ಗಾಡಿ ಆಗಲೇ ಹೆರಿಗೆಯ ಕೇಸು ಹತ್ತಿಸಿಕೊಂಡು ಹೋಗಿತ್ತು, ಅದರಾಚೆಯ ಗಾಡಿಯನ್ನು ಕಳಿಸಿದರು. ಇಂಥ ಹೊತ್ತಿನಲ್ಲಿ ಎರಡನೆಯ ದಾರಿಯೂ ಇದೆ. ಊರಲ್ಲಿ ಕಾರೋ ಟಂಟಮ್ಮೋ ಸಿಗುವಂತಿದ್ದರೆ ರೋಗಿಯನ್ನು ಮಲಗಿಸಿಕೊಂಡು ಹೊರಟು, ನಡುದಾರಿಯಲ್ಲಿ ಆಂಬುಲೆನ್ಸಿಗೆ ದಾಟಿಸಬಹುದು. ಆದರೆ ಪೈಲಟ್‌ಗೆ ಹೇಳಿ, ಯಾವ ರಸ್ತೆ, ಎಲ್ಲಿ ಭೇಟಿ ಎಂದು ಗೊತ್ತುಮಾಡಿಕೊಂಡೇ ಹೊರಡಬೇಕು. ಹೇಳದೆ ಹೊರಟರೆ ಎರಡು ಗಾಡಿ ಎರಡು ದಾರಿ ಹಿಡಿದು, ರೋಗಿ ಆಮ್ಲಜನಕವಿಲ್ಲದೆ ಉಳಿಯುತ್ತಾರೆ.

ನಮಗಿದ್ದ ದೊಡ್ಡ ಅಡ್ಡಿ ದೂರವಲ್ಲ, ಮಣ್ಣು. ರಾತ್ರಿ ಮಳೆಯಾಗಿತ್ತು. ಎರೆಮಣ್ಣಿನ ಬಂಡಿದಾರಿಯಲ್ಲಿ ಆಂಬುಲೆನ್ಸ್ ಇಳಿದರೆ ಗಾಲಿಗೆ ಮಣ್ಣು ಮೆತ್ತಿ ಅಲ್ಲೇ ಹೂತು ನಿಲ್ಲುತ್ತದೆ, ಅದನ್ನು ಎಳೆಯಲು ಟ್ರ್ಯಾಕ್ಟರ್ ಹುಡುಕುವಷ್ಟರಲ್ಲಿ ಗಂಟೆ ಹೋಗುತ್ತದೆ. ಪೈಲಟ್ ಫೋನಿನಲ್ಲೇ ಕೇಳಿದರು: “ದಾರಿ ಹೆಂಗೈತ್ರೀ, ಗಾಡಿ ಒಳಗ ಬರ್ತೈತೇನ್ರಿ?” ಬರುವುದಿಲ್ಲ ಎಂದೆವು. “ಹಂಗಾರ ಡಾಂಬರ್ ತನಕ ನೀವ ಎತ್ಕೊಂಡ್ ಬರ್ರಿ. ನಡಸಬ್ಯಾಡ್ರಿ ಮತ್ತ.” ಚಿಗವ್ವನನ್ನು ಹೊರಸಿನ ಮೇಲೆ ಮಲಗಿಸಿ, ಹೊರಸನ್ನು ಟ್ರ್ಯಾಲಿಗೆ ಏರಿಸಿ, ಟ್ರ್ಯಾಕ್ಟರನ್ನು ಮೆಲ್ಲಗೆ ನಡೆಸಿ ರಸ್ತೆಗೆ ತಂದೆವು. ಒಬ್ಬ ಹುಡುಗ ಮೊದಲೇ ಬೈಕಿನಲ್ಲಿ ಹೋಗಿ ರಸ್ತೆಗೆ ಬ್ಯಾಟರಿ ಹಿಡಿದು ನಿಂತಿದ್ದ. ಕತ್ತಲಲ್ಲಿ ಆಂಬುಲೆನ್ಸ್ ಮುಂದೆ ದಾಟಿ ಹೋಗದಿರಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಕಾಯುವಾಗ ಮಾಡಬೇಕಾದದ್ದು ಕಡಿಮೆ. ಎಡಮಗ್ಗುಲಿಗೆ ಮಲಗಿಸುವುದು, ಎಂಜಲು ಗಂಟಲಿಗಿಳಿಯದೆ ಹೊರಗೆ ಹರಿಯಲಿ ಎಂದು. ಬಳೆ, ಉಂಗುರ, ಕಾಲುಂಗುರ ತೆಗೆಯುವುದು. ಕಡಿದ ಕೈಗೋ ಕಾಲಿಗೋ ಎಲುಬು ಮುರಿದವರಿಗೆ ಕಟ್ಟುವಂತೆ ಪಟ್ಟಿ ಇಟ್ಟು ಅಲುಗದಂತೆ ಮಾಡುವುದು. ನೀರು, ಚಹಾ ಯಾವುದೂ ಬಾಯಿಗೆ ಹಾಕಬಾರದು, ನುಂಗುವ ಶಕ್ತಿ ಹೋಗಿರುತ್ತದೆ. ಗಾಯ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಬೇಡ. ಯಾರಾದರೂ ಆಗಲೇ ಹಗ್ಗ ಬಿಗಿದಿದ್ದರೆ ಅದನ್ನು ಮನೆಯಲ್ಲಿ ಬಿಚ್ಚಬೇಡಿ. ತಡೆದು ನಿಂತ ವಿಷ ಒಮ್ಮೆಲೇ ಮೈಗೆ ಏರುತ್ತದೆ. ಆಸ್ಪತ್ರೆಯಲ್ಲಿ ಔಷಧ ತಯಾರಿಟ್ಟುಕೊಂಡು ಬಿಚ್ಚುತ್ತಾರೆ. ಲಕ್ಷಣ ಶುರುವಾದ ಸಮಯವನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಪ್ರತಿಯೊಬ್ಬರೂ ಅದನ್ನೇ ಕೇಳುತ್ತಾರೆ. ಹಾವನ್ನು ಹಿಡಿದು ತರುವುದು ಬೇಕಿಲ್ಲ, ಸತ್ತ ಹಾವೂ ಕಡಿಯಬಲ್ಲದು. ದೂರದಿಂದ ತೆಗೆದ ಫೋಟೋ ಇದ್ದರೆ ಸಾಕು.

ಆಂಬುಲೆನ್ಸಿನ ಇಎಂಟಿ ಇಳಿದವರೇ ಮೊದಲು ಮಾಡಿದ್ದು ಮಾತಾಡಿಸುವುದು. “ಅವ್ವಾರ, ಒಂದ ಉಸಿರಿನ್ಯಾಗ ಎಷ್ಟ್ ಎಣಸ್ತೀರಿ, ಎಣಸ್ರಿ ನೋಡೂಣು.” ಆರೋಗ್ಯವಂತರು ಒಂದೇ ಉಸಿರಿನಲ್ಲಿ ಇಪ್ಪತ್ತು ಮೂವತ್ತರವರೆಗೆ ಸರಾಗ ಎಣಿಸುತ್ತಾರೆ. ಚಿಗವ್ವ ಒಂಬತ್ತಕ್ಕೆ ನಿಂತಳು. ಉಸಿರಾಟದ ಸ್ನಾಯು ಸೋಲುತ್ತಿದೆ ಎಂಬುದಕ್ಕೆ ಇದು ಯಂತ್ರವಿಲ್ಲದ ಪರೀಕ್ಷೆ. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ ಆಗ 96 ತೋರಿಸುತ್ತಿತ್ತು, ಅದನ್ನು ನೋಡಿ ನಾವು ಹಗುರಾದೆವು. ಇಎಂಟಿ ಹಗುರಾಗಲಿಲ್ಲ. ಆಮ್ಲಜನಕದ ಅಂಕಿ ಬೀಳುವುದು ಕೊನೆಗೆ, ಎಣಿಕೆ ಬೀಳುವುದು ಮೊದಲು ಎಂದು ವಿವರಿಸಿದರು. ರಕ್ತದೊತ್ತಡ ನೋಡಿ, ಕಡಿಯದ ಕೈಗೆ ಸೂಜಿ ಹಾಕಿ, ಮಾಸ್ಕ್ ಕಟ್ಟಿ, ಕಾಲ್ ಸೆಂಟರಿನ ವೈದ್ಯರ ಜೊತೆ ಫೋನಿನಲ್ಲಿ ಮಾತಾಡಿದರು. ಪ್ರತಿ ಗಾಡಿಗೂ ಹೀಗೆ ಫೋನಿನಲ್ಲಿ ಸಲಹೆ ಕೊಡುವ ವೈದ್ಯರಿರುತ್ತಾರೆ.

ಆಗ ಎದ್ದ ವಾದ ಮುಖ್ಯವಾದದ್ದು. ನೇರ ಹುಬ್ಬಳ್ಳಿಗೆ ಹೊಡೀರಿ, ದೊಡ್ಡ ದವಾಖಾನೆಗೇ ಹೋಗೋಣ ಎಂದು ಮನೆಯವರು. ಇಲ್ಲ, ಮೊದಲು ನವಲಗುಂದದ ತಾಲ್ಲೂಕು ಆಸ್ಪತ್ರೆ ಎಂದು ಇಎಂಟಿ. ಅವರ ಮಾತು ನಿಂತದ್ದರಿಂದ ಚಿಗವ್ವ ಉಳಿದಳು ಎಂದು ನಾನು ನಂಬಿದ್ದೇನೆ. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್, ಎಎಸ್‌ವಿ, ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಮಾತ್ರ ಹಿಡಿಯಬಲ್ಲದು. ನರದ ತುದಿಗೆ ಅಂಟಿಕೊಂಡ ವಿಷವನ್ನು ಅದು ಬಿಡಿಸಲಾರದು. ಹಾಗಾಗಿ ಮೊದಲ ಡೋಸ್ ತಡವಾದಷ್ಟೂ ವೆಂಟಿಲೇಟರಿನ ಮೇಲೆ ಕಳೆಯುವ ದಿನಗಳು ಹೆಚ್ಚಬಹುದು. ಎರಡನೆಯದು, ನವಲಗುಂದದಿಂದ ಹುಬ್ಬಳ್ಳಿಯ ರಸ್ತೆಯಲ್ಲಿ ಉಸಿರು ನಿಂತರೆ ಓಡುವ ಗಾಡಿಯಲ್ಲಿ ಶ್ವಾಸನಾಳಕ್ಕೆ ನಳಿಕೆ ಹಾಕುವುದು ಬಹಳ ಕಷ್ಟ. ಆಸ್ಪತ್ರೆಯ ಟೇಬಲ್ ಮೇಲೆ, ಬೆಳಕಿನಲ್ಲಿ, ನಾಲ್ಕು ಜನರ ನಡುವೆ ಅದೇ ಕೆಲಸ ಸುಲಭ. ಹೀಗಾಗಿ ಮೊದಲ ಡೋಸ್, ಉಸಿರಿನ ದಾರಿ, ಆಮೇಲೆ ಪಯಣ.

ಆಸ್ಪತ್ರೆಯಲ್ಲಿ ಮೊದಲು 2 ಮಿಲಿಲೀಟರ್ ರಕ್ತವನ್ನು ಒಣಗಿದ ಗಾಜಿನ ನಳಿಕೆಗೆ ಹಾಕಿ 20 ನಿಮಿಷ ಅಲುಗಿಸದೆ ಇಟ್ಟರು. ಹೆಪ್ಪುಗಟ್ಟದಿದ್ದರೆ ಕೊಳಕುಮಂಡಲದಂಥ ಹಾವಿನ ವಿಷ. ನಮ್ಮದು ಹೆಪ್ಪುಗಟ್ಟಿತು, ಲಕ್ಷಣಗಳೂ ನರಕ್ಕೆ ಸಂಬಂಧಿಸಿದವೇ ಆಗಿದ್ದವು. ಈ ಪರೀಕ್ಷೆಗೆ ಪ್ಲಾಸ್ಟಿಕ್ ನಳಿಕೆ ನಡೆಯದು, ಸೋಪಿನಲ್ಲಿ ತೊಳೆದ ಗಾಜೂ ತಪ್ಪು ಉತ್ತರ ಕೊಡುತ್ತದೆ. ಆದರೆ ಲಕ್ಷಣಗಳು ಕಣ್ಣಿಗೆ ಕಾಣುತ್ತಿದ್ದುದರಿಂದ 20 ನಿಮಿಷ ಕಾಯದೆ ಎಎಸ್‌ವಿ ಶುರುಮಾಡಿದ್ದರು. ಹತ್ತು ವಯಲ್ (ಔಷಧದ ಸಣ್ಣ ಶೀಶೆ), ಸಲೈನಿನಲ್ಲಿ ಬೆರೆಸಿ ಸುಮಾರು ಒಂದು ಗಂಟೆಯಲ್ಲಿ. ವಯಲಿನಲ್ಲಿರುವುದು ಪುಡಿ. ಅದಕ್ಕೆ ನೀರು ಸೇರಿಸಿ ಮೆಲ್ಲಗೆ ಹೊರಳಾಡಿಸಿ ಕರಗಿಸಬೇಕು, ಜೋರಾಗಿ ಕುಲುಕಿದರೆ ನೊರೆಯೇಳುತ್ತದೆ. ನರ್ಸ್ ಒಂದೊಂದನ್ನೂ ಅಂಗೈಯಲ್ಲಿ ಹೊರಳಾಡಿಸುತ್ತಿದ್ದುದನ್ನು ನೋಡಿ, ಯಾಕಿಷ್ಟು ನಿಧಾನ ಎಂದು ನಮ್ಮವರಲ್ಲಿ ಒಬ್ಬರು ರೇಗಿದರು. ಕಾರಣ ಇದು. ಈ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಮಕ್ಕಳಿಗೂ ದೊಡ್ಡವರಿಗೂ ಒಂದೇ ಪ್ರಮಾಣ. ಹಾವು ಬಿಡುವ ವಿಷ ಆಳಿನ ಗಾತ್ರ ನೋಡಿ ಕಡಿಮೆಯಾಗುವುದಿಲ್ಲವಲ್ಲ.

ಎಎಸ್‌ವಿ ಕುದುರೆಯ ರಕ್ತದಿಂದ ತಯಾರಾಗುವ ಔಷಧ. ಕೆಲವರಿಗೆ ಒಗ್ಗುವುದಿಲ್ಲ. ಚಿಗವ್ವನಿಗೆ ಮೈಯೆಲ್ಲ ದದ್ದು ಎದ್ದು ನಡುಕ ಬಂತು. ಡ್ರಿಪ್ ನಿಲ್ಲಿಸಿ, ತಯಾರಾಗಿಟ್ಟಿದ್ದ ಅಡ್ರಿನಲಿನ್ ಅರ್ಧ ಮಿಲಿಗ್ರಾಮನ್ನು ತೊಡೆಗೆ ಚುಚ್ಚಿ, ಮೈ ತಿಳಿಯಾದ ಮೇಲೆ ನಿಧಾನಕ್ಕೆ ಮತ್ತೆ ಹಚ್ಚಿದರು. ಆ ಹೊತ್ತಿನಲ್ಲಿ ಔಷಧವೇ ಬೇಡ ಎಂದು ಮನೆಯವರು ಹಟ ಹಿಡಿಯಬಾರದು. ದದ್ದಿಗೆ ಮದ್ದಿದೆ, ವಿಷಕ್ಕೆ ಇದೊಂದೇ ಮದ್ದು. ಸೋತ ಸ್ನಾಯುಗಳಿಗೆ ಬಲ ಬರಲೆಂದು ಅಟ್ರೋಪಿನ್ ಮತ್ತು ನಿಯೋಸ್ಟಿಗ್ಮಿನ್ ಎಂಬ ಔಷಧ ಕೊಟ್ಟೂ ನೋಡಿದರು. ನಾಗರಹಾವಿನ ವಿಷಕ್ಕೆ ಅದು ಚೆನ್ನಾಗಿ ನಾಟುತ್ತದೆ, ಕಟ್ಟುಹಾವಿನ ವಿಷ ನರದ ತುದಿಯನ್ನೇ ಕೆಡಿಸುವುದರಿಂದ ಹೆಚ್ಚು ಉಪಯೋಗವಾಗುವುದಿಲ್ಲ. ಉಸಿರಿನ ಎಣಿಕೆ ನಾಲ್ಕಕ್ಕೆ ಇಳಿದಾಗ ವೈದ್ಯರು ನಳಿಕೆ ಹಾಕಿದರು.

ಇಲ್ಲಿಂದ ಹುಬ್ಬಳ್ಳಿಗೆ ಸಾಗಿಸುವುದು ಬೇರೆಯೇ ಪ್ರಕ್ರಿಯೆ, ಜನರಿಗೆ ಗೊಂದಲವಾಗುವುದು ಇಲ್ಲೇ. ಮನೆಯಿಂದ ಆಸ್ಪತ್ರೆಗೆ ಗಾಡಿ ಬೇಕೆಂದರೆ ನಾವು ಕರೆಯುತ್ತೇವೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ಎಂದರೆ ವೈದ್ಯರೇ 108ಕ್ಕೆ ಮಾತಾಡಿ, ರೋಗಿಯ ಸ್ಥಿತಿ ಹೇಳಿ ಎಎಲ್‌ಎಸ್ (ಹೆಚ್ಚಿನ ಜೀವರಕ್ಷಕ ಸಲಕರಣೆಯ) ಗಾಡಿ ಕೇಳಬೇಕು. ಬಿಎಲ್‌ಎಸ್ ಎಂಬ ಸಾಮಾನ್ಯ ಗಾಡಿಯಲ್ಲಿ ಆಮ್ಲಜನಕ, ಕಫ ಎಳೆಯುವ ಸಕ್ಷನ್, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಇರುತ್ತವೆ. ಎಎಲ್‌ಎಸ್‌ನಲ್ಲಿ ವೆಂಟಿಲೇಟರ್, ಹೃದಯದ ಮಾನಿಟರ್, ಹೃದಯಕ್ಕೆ ಶಾಕ್ ಕೊಡುವ ಡಿಫಿಬ್ರಿಲೇಟರ್ ಕೂಡ ಇರುತ್ತವೆ. ಈ ಗಾಡಿಗಳು ಕಡಿಮೆ, ಹಾಗಾಗಿ ಕಾಯಬೇಕಾಗುತ್ತದೆ. ಕಾಯುವಾಗ ವೈದ್ಯರು ಕಿಮ್ಸ್‌ಗೆ ಫೋನ್ ಮಾಡಿ ವೆಂಟಿಲೇಟರ್ ಇರುವ ಹಾಸಿಗೆ ಖಾತ್ರಿ ಮಾಡಿಕೊಂಡರು. ಇದನ್ನು ಮಾಡಿಸದೆ ಹೊರಡಬೇಡಿ.

ಆ ನಡುವೆ ಹೊರಗೆ ನಿಂತಿದ್ದ ಒಬ್ಬರು ಖಾಸಗಿ ಗಾಡಿ ಕೊಡಿಸುತ್ತೇನೆಂದು ಬಂದರು. ಎಂಟು ಸಾವಿರ ಹೇಳಿದರು. ಒಳಗೆ ಹಣಕಿದರೆ ಸ್ಟ್ರೆಚರ್ ಮತ್ತು ಒಂದು ಸಿಲಿಂಡರ್, ಜೊತೆಗೆ ಬರುವ ತರಬೇತಾದ ಸಿಬ್ಬಂದಿ ಇಲ್ಲ. ಖಾಸಗಿ ಗಾಡಿಯೇ ಗತಿಯಾದರೆ ಮೂರು ಪ್ರಶ್ನೆ ಕೇಳಿ: ಉಸಿರು ಕೊಡಲು ಬಲ್ಲವರು ಜೊತೆಗಿದ್ದಾರೆಯೇ, ಸಕ್ಷನ್ ಯಂತ್ರ ನಡೆಯುತ್ತದೆಯೇ (ಚಾಲೂ ಮಾಡಿ ತೋರಿಸಲಿ), ಸಿಲಿಂಡರಿನಲ್ಲಿ ಎಷ್ಟಿದೆ.

ಸಿಲಿಂಡರಿನ ಲೆಕ್ಕ ಎಲ್ಲರಿಗೂ ಗೊತ್ತಿರಬೇಕಾದದ್ದು. ‘ಬಿ ಟೈಪ್’ ಎನ್ನುವ ಸಿಲಿಂಡರಿನಲ್ಲಿ ತುಂಬಿದಾಗ ಸುಮಾರು 1,500 ಲೀಟರ್ ಆಮ್ಲಜನಕ ಇರುತ್ತದೆ, ದೊಡ್ಡ ‘ಡಿ ಟೈಪ್’‌ನಲ್ಲಿ ಸುಮಾರು 7,000. ಆಂಬು ಬ್ಯಾಗಿಗೆ ನಿಮಿಷಕ್ಕೆ 10 ಲೀಟರ್ ಹರಿಸಿದರೆ ತುಂಬಿದ ಬಿ ಟೈಪ್ 150 ನಿಮಿಷ ಬಾಳುತ್ತದೆ, ಮಾಪಕದ ಮುಳ್ಳು ಮೂರನೇ ಒಂದಕ್ಕೆ ಇಳಿದಿದ್ದರೆ 50 ನಿಮಿಷ. ನವಲಗುಂದದಿಂದ ಹುಬ್ಬಳ್ಳಿ ಒಂದು ತಾಸಿನೊಳಗಿನ ದಾರಿ. ಆದರೆ ಹತ್ತಿಸುವುದು, ಇಳಿಸುವುದು, ಕ್ಯಾಜುವಾಲ್ಟಿ ಬಾಗಿಲಲ್ಲಿ ನಿಲ್ಲುವುದು ಸೇರಿಸಿ ಎರಡು ಪಟ್ಟು ಇಟ್ಟುಕೊಳ್ಳಬೇಕು. ಕೊನೆಗೆ ಬಂದ 108ರ ಎಎಲ್‌ಎಸ್ ಗಾಡಿಯ ಇಎಂಟಿ ಹೊರಡುವ ಮೊದಲು ಈ ಲೆಕ್ಕವನ್ನು ಬಾಯಿಬಿಟ್ಟು ಹೇಳಿಯೇ ಬಾಗಿಲು ಹಾಕಿಸಿದರು.

ರೆಫರಲ್ ಚೀಟಿಯನ್ನು ಕೈಗೆ ತೆಗೆದುಕೊಂಡ ಕೂಡಲೇ ಓದಿ. ಲಕ್ಷಣ ಶುರುವಾದ ಸಮಯ, ಎಎಸ್‌ವಿ ಎಷ್ಟು ವಯಲ್, ಎಷ್ಟು ಗಂಟೆಗೆ, ಒಗ್ಗದೆ ಬಂದ ದದ್ದು, ಗಾಜಿನ ನಳಿಕೆಯ ಪರೀಕ್ಷೆಯ ಉತ್ತರ, ಶ್ವಾಸನಳಿಕೆಯ ಅಳತೆ, ತುಟಿಯ ಬಳಿ ಎಷ್ಟು ಸೆಂಟಿಮೀಟರಿಗೆ ಅಂಟಿಸಿದೆ ಎಂಬುದು ಅದರಲ್ಲಿ ಇರಬೇಕು. ಚಿಗವ್ವನಿಗೆ 21 ಎಂದು ಬರೆದಿದ್ದರು. ಸ್ಟ್ರೆಚರಿಗೆ ಹಾಕಿದಾಗ, ಗಾಡಿಗೆ ಏರಿಸಿದಾಗ, ಇಳಿಸಿದಾಗ, ಪ್ರತಿ ಸಲವೂ ಇಎಂಟಿ ಮೊದಲು ನೋಡಿದ್ದು ಆ ಅಂಕಿಯನ್ನು. ಎತ್ತಿಳಿಸುವಾಗ ನಳಿಕೆ ಎರಡು ಸೆಂಟಿಮೀಟರ್ ಒಳಗೆ ಸರಿದರೂ ಒಂದೇ ಶ್ವಾಸಕೋಶಕ್ಕೆ ಗಾಳಿ ಹೋಗುತ್ತದೆ, ಹೊರಗೆ ಸರಿದರೆ ಅದೂ ಇಲ್ಲ.

ಗಾಡಿಯಲ್ಲಿ ಒಬ್ಬರಿಗೆ ಮಾತ್ರ ಜಾಗ. ಹೆಬಸೂರು ದಾಟುವ ಹೊತ್ತಿಗೆ ಚಿಗವ್ವನ ಒಂದು ಬೆರಳೂ ಆಡುತ್ತಿರಲಿಲ್ಲ, ರೆಪ್ಪೆ ಪೂರ್ತಿ ಮುಚ್ಚಿತ್ತು. ನೋಡಿದವರಿಗೆ ಎಚ್ಚರ ತಪ್ಪಿದೆ ಎನಿಸುತ್ತದೆ. ಇಎಂಟಿ ಅವಳ ಕಿವಿಗೆ ಬಾಗಿ, “ಅವ್ವಾರ, ಎಲ್ಲಾ ಕೇಳಸ್ತೈತಿ ನಿಮಗ, ಗೊತ್ತೈತಿ ನನಗ. ಉಸರು ನಾವ ಕೊಡಾಕತ್ತೇವಿ. ಕುಸುಗಲ್ ಬಂತು ನೋಡ್ರಿ” ಎಂದು ಮಾತಾಡುತ್ತಲೇ ಇದ್ದರು. ಈ ವಿಷ ಸ್ನಾಯುಗಳನ್ನು ನಿಲ್ಲಿಸುತ್ತದೆ, ಮಿದುಳನ್ನಲ್ಲ. ಮೈ ಕಲ್ಲಾದವರು ಒಳಗೆ ಪೂರ್ತಿ ಎಚ್ಚರ ಇರಬಹುದು. ಅವರ ಎದುರು ಅಳುವುದು, ‘ಇನ್ನು ಉಳಿಯೋದಿಲ್ಲ’ ಎನ್ನುವುದು ಎಷ್ಟು ಕ್ರೂರ ಎಂದು ಆಮೇಲೆ ಅರ್ಥವಾಯಿತು. ದಾರಿಯಲ್ಲಿ ಕೇಳಿದ ಮಾತುಗಳನ್ನು ಚಿಗವ್ವ ಈಗ ನೆನಪಿಸಿ ಹೇಳುತ್ತಾಳೆ.

ವೆಂಟಿಲೇಟರಿಗೆ ಜೋಡಿಸಿದ್ದರೂ ಆಂಬು ಬ್ಯಾಗ್ ತಲೆಯ ಬಳಿಯೇ ಇತ್ತು. ಒಂದು ಕಡೆ ಯಂತ್ರ ಕೂಗಿಕೊಂಡಾಗ ಇಎಂಟಿ ಅದನ್ನು ಕಳಚಿ ಕೈಯಿಂದ ಒತ್ತತೊಡಗಿದರು, ಆರು ಸೆಕೆಂಡಿಗೊಮ್ಮೆ, ಎದೆ ಮೇಲೇಳುವಷ್ಟೇ. ಗಾಬರಿಯಲ್ಲಿ ಬೇಗಬೇಗ ಒತ್ತಿದರೆ ಗಾಳಿ ಹೊರಗೆ ಬರಲು ಸಮಯ ಸಿಗದೆ ಎದೆಯಲ್ಲಿ ಒತ್ತಡ ಕೂಡಿ ರಕ್ತದೊತ್ತಡ ಕುಸಿಯುತ್ತದೆ. ನಳಿಕೆಯಲ್ಲಿ ಕಫ ಕಟ್ಟಿತ್ತು. ಸಕ್ಷನ್ ಕೊಳವೆ ಇಳಿಸಿ ಹತ್ತು ಸೆಕೆಂಡಿನೊಳಗೆ ಎಳೆದು, ಮತ್ತೆ ಗಾಳಿ ಕೊಟ್ಟರು. ಪೈಲಟ್ ಅಷ್ಟು ಹೊತ್ತು ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿದ್ದರು. ನಿಲ್ಲಿಸಿದ್ದೇಕೆ, ಓಡಿಸಿ ಎಂದು ಕೂಗಬೇಡಿ. ಗುಂಡಿಗಳ ಮೇಲೆ ಕುಣಿಯುವ ಗಾಡಿಯಲ್ಲಿ ಈ ಕೆಲಸ ಆಗುವುದಿಲ್ಲ.

ಕೇಶ್ವಾಪುರದಿಂದ ಒಳಗೆ ಟ್ರಾಫಿಕ್. ಚೆನ್ನಮ್ಮ ವೃತ್ತದ ಸುತ್ತ ಮೇಲ್ಸೇತುವೆಯ ಕೆಲಸದಿಂದ ದಾರಿ ಇಕ್ಕಟ್ಟು. ಸೈರನ್ ಕೇಳಿಯೂ ಸರಿಯದ ಗಾಡಿಗಳಿದ್ದವು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಆಂಬುಲೆನ್ಸಿಗೆ ದಾರಿ ಬಿಡದವರಿಗೆ ಹತ್ತು ಸಾವಿರ ರೂಪಾಯಿ ದಂಡ ಹೇಳಿದೆ. ಹೊಸೂರಿನಿಂದ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿಗೆಂದೇ ಇರುವ ಪಥ ಹಿಡಿದು ಕಿಮ್ಸ್ ಮುಟ್ಟಿದೆವು.

ಕ್ಯಾಜುವಾಲ್ಟಿಯಲ್ಲಿ ಇಎಂಟಿ ಬಾಯಿಮಾತಿನಲ್ಲಿ ಎಲ್ಲ ಒಪ್ಪಿಸಿ, ತಮ್ಮ ದಾಖಲೆಗೆ ವೈದ್ಯರ ಸಹಿ ಪಡೆದರು. ರೋಗಿಯನ್ನು ಹಾಸಿಗೆಗೆ ದಾಟಿಸಿದ ಮೇಲೆಯೇ ಅವರ ಸ್ಟ್ರೆಚರ್ ಬಿಡುಗಡೆಯಾಗುತ್ತದೆ, ಆಮೇಲೆ ಗಾಡಿ ತೊಳೆದು, ಸಿಲಿಂಡರ್ ಬದಲಿಸಿ ಮುಂದಿನ ಕರೆಗೆ ಸಿದ್ಧವಾಗಬೇಕು. ಸ್ಟ್ರೆಚರ್ ತಡೆದಷ್ಟು ಹೊತ್ತು ಇನ್ನೊಂದು ಹಳ್ಳಿಯಲ್ಲಿ ಯಾರೋ ಕಾಯುತ್ತಿರುತ್ತಾರೆ. ಆದ್ದರಿಂದ ದಾಟಿಸಲು ಕೈ ಹಚ್ಚಿ. ಪೈಲಟ್‌ಗೆ ದುಡ್ಡು ಕೊಡಹೋದೆವು, ಮುಟ್ಟಲಿಲ್ಲ.

ಕಾಗದಗಳ ವಿಷಯ. ಹಾವಿನ ಕಡಿತವನ್ನು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ) ಎಂದು ದಾಖಲಿಸಿ ಪೊಲೀಸರು ಹೇಳಿಕೆ ಪಡೆಯುತ್ತಾರೆ. ಯಾರ ಮೇಲೂ ಕೇಸ್ ಎಂದು ಅರ್ಥವಲ್ಲ, ಹೆದರಬೇಡಿ. 2024ರಿಂದ ಕರ್ನಾಟಕದಲ್ಲಿ ಪ್ರತಿ ಹಾವಿನ ಕಡಿತವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಬೇಕಾದದ್ದು ಆಧಾರ್ ಮತ್ತು ರೇಷನ್ ಕಾರ್ಡ್. ನಮಗೆ ತಡವಾದದ್ದು ಓಟಿಪಿಯಿಂದ. ಆಧಾರಿಗೆ ಜೋಡಿಸಿದ ಫೋನ್ ಹೊಲದ ಮನೆಯಲ್ಲೇ ಉಳಿದಿತ್ತು, ಅದನ್ನು ತರಿಸಬೇಕಾಯಿತು. ರೋಗಿಯ ಸ್ವಂತ ಫೋನನ್ನು ಚಾರ್ಜರ್ ಸಮೇತ ಜೊತೆಗೇ ಒಯ್ಯಿರಿ. ಚಿಕಿತ್ಸೆಗೆ ಬಿಲ್ಲಾಗಲಿಲ್ಲ. ಖರ್ಚಾದದ್ದು ಊಟ, ಓಡಾಟ, ದೊಡ್ಡವರ ಡೈಪರ್ ಇಂಥವುಗಳಿಗೆ, ಮತ್ತು ಸರದಿಯಲ್ಲಿ ಕಾಯುವ ಇಬ್ಬರ ಕೂಲಿ ತಪ್ಪಿದ್ದು.

ಐಸಿಯುವಿನಲ್ಲಿ ಔಷಧಕ್ಕಿಂತ ಕಾಯುವುದೇ ಚಿಕಿತ್ಸೆ. ನರದ ತುದಿಗಳು ಮತ್ತೆ ಚಿಗುರುವವರೆಗೆ ಯಂತ್ರ ಉಸಿರಾಡಿಸುತ್ತದೆ. ಇಂಜೆಕ್ಷನ್ ಕೊಟ್ಟಾಯಿತಲ್ಲ, ಯಾಕೆ ಏಳುತ್ತಿಲ್ಲ ಎಂದು ದಿನವೂ ಕೇಳುತ್ತಿದ್ದೆವು. ಕಟ್ಟುಹಾವಿನ ಕಡಿತದಲ್ಲಿ ಹಲವು ದಿನ ಹಿಡಿಯುವುದು ಸಹಜ, ಮನೆಗೆ ಒಯ್ಯುತ್ತೇವೆಂದು ಸಹಿ ಹಾಕಬೇಡಿ ಎಂದು ವೈದ್ಯರು ಹೇಳಿದರು. ಮೊದಲು ಕಾಲ್ಬೆರಳು ಆಡಿತು, ಆಮೇಲೆ ಹುಬ್ಬು.

ಬಿಡುಗಡೆಯ ಚೀಟಿಯಲ್ಲಿ ಎಎಸ್‌ವಿ ಒಗ್ಗದೆ ದದ್ದು ಬಂದದ್ದನ್ನು ಬರೆಸಿಕೊಂಡಿದ್ದೇವೆ, ಮುಂದೆ ಯಾವಾಗಲಾದರೂ ಬೇಕಾದರೆ ವೈದ್ಯರಿಗೆ ಗೊತ್ತಿರಬೇಕು. ಇಂಜೆಕ್ಷನ್ ಪಡೆದ ಒಂದೆರಡು ವಾರದಲ್ಲಿ ಜ್ವರ, ಕೀಲುನೋವು, ತುರಿಕೆ ಬಂದರೆ ಅದು ಆ ಔಷಧದ ತಡವಾದ ಪರಿಣಾಮ. ಮಾತ್ರೆಗಳಿಂದ ಇಳಿಯುತ್ತದೆ, ಆದರೆ ಅಂಗಡಿಯಿಂದ ತಂದು ನುಂಗದೆ ಅದೇ ಚೀಟಿ ಹಿಡಿದು ಆಸ್ಪತ್ರೆಗೆ ಹೋಗಬೇಕು. ಸಲಹೆ ಬೇಕೆಂದರೆ 104ಕ್ಕೆ ಫೋನ್ ಮಾಡಬಹುದು. ಆದರೆ ಅದು ಆರೋಗ್ಯವಾಣಿ, ಗಾಡಿ ಬೇಕಾದಾಗ 108ಕ್ಕೇ ಹಚ್ಚಿ.